ಹನ್ನೊಂದು ಸೆಕೆಂಡು

"ಬಾ, ಮನೆಗೆ ಹೋಗೋಣ ಅಂದಿದ್ದಕ್ಕೆ ಯಾರಾದ್ರೂ ಬಸ್ ಹತ್ತಿ ಊರು ಬಿಟ್ಟು ಹೋಗ್ತಾರೇನ್ರೀ?"

ತಂಗಿ ಕಂಪ್ಯೂಟರಿನ ಪರದೆಯ ಮೇಲಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಅಕ್ಕ ನಲ್ಲಿ ನಿಲ್ಲಿಸಲಿಲ್ಲ.

"ಇನ್ನೊಬ್ಬ ಏನಂತಾನೆ ಕೇಳು. 'ನಾಲ್ಕು ವರ್ಷ ಕಾಯಿಸಿ ಕೊನೆಗೆ ಕೈಗೆ ಚೊಂಬು ಕೊಟ್ರು. ಅವಳು ಬಸ್ ಹತ್ತೋದು ಆರಂಭದಲ್ಲೇ ಹತ್ತಿದ್ರೆ ನಮಗೂ ಟೈಮ್ ಉಳೀತಿತ್ತು.' ಇವನು ಮೊದಲ ಕಂತಿನಿಂದ ನೋಡಿದವನು ಅಕ್ಕಾ."

"ಬೈಯೋರು ಬೈಕೊಳ್ಳಲಿ ಬಿಡು. ಕಥೆ ಬರೆದವರು ನಾವಾ?"

ಭಾನುವಾರ, ಬೆಳಗಿನ ಹನ್ನೊಂದು ಗಂಟೆ. 'ಏಳನೇ ನಿಲ್ದಾಣ' ಎಂಬ ಜಪಾನಿ ಕಾರ್ಟೂನ್ ಸರಣಿಯ ನಲವತ್ತೆಂಟನೇ ಕಂತನ್ನು, ಅಂದರೆ ಕೊನೆಯದನ್ನು, ಕನ್ನಡ ಸಬ್‌ಟೈಟಲ್ ಸಮೇತ ಹಿಂದಿನ ಸಂಜೆ ಅವರು ಇಂಟರ್ನೆಟ್ಟಿಗೆ ಹಾಕಿದ್ದರು. ಇಷ್ಟರಲ್ಲಿ ಇನ್ನೂರ ಹನ್ನೆರಡು ಜನ ಬೈದಿದ್ದರು. ಚೆನ್ನಾಗಿದೆ ಎಂದವರು ಇಬ್ಬರು. ಅವರಲ್ಲೊಬ್ಬಳು ಅಕ್ಕನ ಫ್ಯಾಕ್ಟರಿಯ ಗೆಳತಿ. ಅವಳು ನೋಡದೆಯೇ ಹೊಗಳುವವಳು.

ಈ ಅನಿಮೆಯ ಕಥೆ ದೊಡ್ಡದೇನಲ್ಲ. ಏಳನೇ ಬಸ್ ನಿಲ್ದಾಣದ ಎದುರು ಒಂದು ಪುಸ್ತಕ-ಪೆನ್ಸಿಲ್ ಅಂಗಡಿ. ಅದನ್ನು ನಡೆಸುವುದು ಅಕ್ಕತಂಗಿಯರು. ತಂಗಿಯನ್ನು ಇಷ್ಟಪಟ್ಟ ಹುಡುಗ ಕೆಲಸಕ್ಕೆಂದು ದೂರದ ಊರಿಗೆ ಹೋಗುತ್ತಾನೆ. ವರ್ಷದೊಳಗೆ ಬರುತ್ತೇನೆ ಎಂದವನು ಬರುವುದಿಲ್ಲ. ಹುಡುಗಿ ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ನಿಲ್ದಾಣದ ಬೆಂಚಿನ ಮೇಲೆ ಕೂರುತ್ತಾಳೆ. ನಲವತ್ತೇಳು ಕಂತು ಹೀಗೆ. ಕೊನೆಯ ಕಂತಿನಲ್ಲಿ ಅವಳ ಅಕ್ಕ ಬಂದು ಪಕ್ಕದಲ್ಲಿ ಕೂರುತ್ತಾಳೆ, ಹನ್ನೊಂದು ಸೆಕೆಂಡು ಏನೋ ಹೇಳುತ್ತಾಳೆ. ಪರದೆಯ ಕೆಳಗೆ "ಚಳಿ ಆಗ್ತಿದೆ. ಬಾ, ಮನೆಗೆ ಹೋಗೋಣ" ಎಂದು ಬರುತ್ತದೆ. ಹುಡುಗಿ ಅಕ್ಕನ ಮುಖವನ್ನೇ ನೋಡುತ್ತಾಳೆ. ಬಸ್ಸು ಬರುತ್ತದೆ. ಒಬ್ಬಳೇ ಹತ್ತಿ ಹೋಗುತ್ತಾಳೆ. ಅಕ್ಕ ಬೆಂಚಿನ ಮೇಲೇ ಉಳಿಯುತ್ತಾಳೆ. ಮುಗಿಯಿತು.

ಭಾಷಾಂತರ ಅಕ್ಕನದು. ಅವಳು ಲೆನ್ಸ್ ತಯಾರಿಸುವ ಫ್ಯಾಕ್ಟರಿಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಳು. ಯಂತ್ರಗಳ ಕೈಪಿಡಿ ಓದಲಿ ಎಂದು ಕಂಪನಿಯವರೇ ಜಪಾನಿ ಕಲಿಸಿದ್ದರು. ತಂಗಿಗೆ ಆ ಭಾಷೆ ಬರುವುದಿಲ್ಲ. ಅವಳದು ಟೈಮಿಂಗ್: ಪಾತ್ರ ಬಾಯಿ ತೆರೆದಾಗ ಅಕ್ಷರ ಕಾಣಿಸಬೇಕು, ಬಾಯಿ ಮುಚ್ಚಿದಾಗ ಹೋಗಬೇಕು. ಹಗಲೆಲ್ಲ ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲುಗಳನ್ನು ಉಜ್ಜಿ ಹದ ಮಾಡುವವಳಿಗೆ ಇದು ಹೊಸ ವಿದ್ಯೆಯೇನಲ್ಲ. "ಹಲ್ಲಾಗ್ಲಿ ಮಾತಾಗ್ಲಿ, ಕೂದಲೆಳೆಯಷ್ಟು ಹೆಚ್ಚಾದ್ರೂ ಬಾಯಿ ಸರಿಯಾಗಿ ಮುಚ್ಚಲ್ಲ" ಎನ್ನುತ್ತಿದ್ದಳು.

ಅಕ್ಕನ ಮಾತು ಯಾವಾಗಲೂ ಹೆಚ್ಚೇ. ಪಾತ್ರ "ಹೌದು" ಅಂದರೆ ಅಕ್ಕ "ಹೌದು, ನೀನು ಹೇಳೋದು ಸರಿ" ಎಂದು ಬರೆಯುವವಳು. ಮಾತಿಗಿಂತ ಅಕ್ಷರ ಉದ್ದವಾದರೆ ತಂತ್ರಾಂಶದಲ್ಲಿ ಆ ಸಾಲಿನ ಪೆಟ್ಟಿಗೆಯ ಅಂಚು ಕೆಂಪಾಗುತ್ತದೆ. ಅಕ್ಕ ಕಳಿಸಿದ ಕಡತ ತೆರೆದರೆ ಸಾಕು, ಪರದೆ ಪೂರ್ತಿ ಕೆಂಪು. "ನಿನ್ನ ಬಾಯಿಗೊಂದು ಬ್ರೇಕ್ ಹಾಕಿಸ್ಬೇಕು ಕಣಕ್ಕ" ಎಂದು ಬೈಯುತ್ತ ತಂಗಿ ಕತ್ತರಿಸುತ್ತಿದ್ದಳು. ನಾಲ್ಕು ವರ್ಷದಿಂದ ಅವಳು ಮಾಡಿದ್ದು ಮುಖ್ಯವಾಗಿ ಇದೇ ಕೆಲಸ.

ಈ ಕೆಲಸ ಶುರುವಾದದ್ದು ಎಸಿಯವನಿಂದ. ಅವನು ಹಲ್ಲಿನ ಲ್ಯಾಬಿನ ಎಸಿ ರಿಪೇರಿಗೆ ಬರುತ್ತಿದ್ದವನು. ಒಂದೇ ತಿಂಗಳಲ್ಲಿ ಒಂದೇ ದೋಷಕ್ಕೆ ಮೂರು ಸಲ ಬಂದಾಗ ಲ್ಯಾಬಿನ ಯಜಮಾನ, "ಎಸಿ ಕೆಡ್ತಿಲ್ಲಪ್ಪಾ, ಇವನೇ ಕೆಡಿಸಿ ಹೋಗ್ತಿದಾನೆ" ಎಂದು ನಕ್ಕಿದ್ದ. ಆಮೇಲೆ ಅವನಿಗೆ ಬೇರೆ ಊರಿನಲ್ಲಿ ಒಂದು ವರ್ಷದ ಕಂತ್ರಾಟು ಸಿಕ್ಕಿತು. "ಮೊದಲ ರಜೆಗೆ ನಿಮ್ಮನೆಗೇ ಬಂದು ನಿಮ್ಮ ಅಕ್ಕನ್ನ ಕೇಳ್ತೀನಿ. ಯಾವತ್ತು ಅಂತ ಹೇಳಲ್ಲ" ಎಂದು ಹೋದ. ಐದು ತಿಂಗಳು ದಿನಾ ಸಂಜೆ ಫೋನ್ ಮಾಡಿದ. ಒಂದು ದಿನ ಮಾಡಲಿಲ್ಲ. ಇವಳೇ ಮಾಡಿದರೆ ಕರೆ ಹೋಗಲೇ ಇಲ್ಲ. ಇವಳ ನಂಬರನ್ನು ತಡೆದಿದ್ದ.

ತಂಗಿ ನಲವತ್ತು ದಿನ ಫೋನ್ ಮಾಡಿದಳು. ಆಗ ಅಮ್ಮ ಇದ್ದರು, ಆದರೆ ಅರ್ಧ ದೇಹ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು. ನಲವತ್ತೊಂದನೇ ದಿನ ಅಕ್ಕ, "ಆ ಫೋನ್ ಪಕ್ಕಕ್ಕಿಡು. ಒಂದು ಅನಿಮೆ ಸಿಕ್ಕಿದೆ, ಕನ್ನಡಕ್ಕೆ ಯಾರೂ ಮಾಡಿಲ್ಲ. ನಾನು ಬರೀತೀನಿ, ನೀನು ಟೈಮಿಂಗ್ ಮಾಡು. ತಲೆ ಬೇರೆ ಕಡೆ ಹೋಗುತ್ತೆ" ಎಂದು ಈ ಸರಣಿಯನ್ನು ತಂದಿದ್ದಳು. ಅಮ್ಮ ತೀರಿಕೊಂಡ ಮೇಲೆ ಅವರ ಔಷಧಿಯ ಮೇಜೇ ಕಂಪ್ಯೂಟರಿನ ಮೇಜಾಯಿತು.

ಇಪ್ಪತ್ತನೇ ಕಂತಿನ ಹೊತ್ತಿಗೆ ತಂಗಿ ಒಮ್ಮೆ, "ನನ್ನವನಂತೂ ಬರ್ಲಿಲ್ಲ. ಇವಳವನಾದ್ರೂ ಬರ್ಲಿ ಮಾರಾಯ್ತಿ" ಎಂದಿದ್ದಳು.

ಈಗ ಇನ್ನೂರ ಹದಿಮೂರನೆಯದು ಬಂತು. "ಎಲ್ಲಾ ಬಿಡಿ, ಆ ದೊಡ್ಡಕ್ಕ ಯಾಕೆ ಅಳ್ತಾಳೆ? ಚಳಿ ಆಯ್ತು ಅಂತ ಅಳೋರನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ."

ಉತ್ತರ ಬರೆಯೋಣವೆಂದು ತಂಗಿ ಆ ದೃಶ್ಯವನ್ನು ತೆರೆದಳು. ಅಳುತ್ತಿದ್ದುದು ನಿಜ. ನಿನ್ನೆ ಟೈಮಿಂಗ್ ಮಾಡುವಾಗಲೇ ಅವಳಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು: ಹನ್ನೊಂದು ಸೆಕೆಂಡಿನ ಮಾತು, ಕೆಳಗೆ ಐದೇ ಪದ. ಕೇಳಿದ್ದಕ್ಕೆ ಅಕ್ಕ, "ಅವರು ಸುತ್ತಿ ಬಳಸಿ ಹೇಳ್ತಾರೆ ಕಣೇ, ಸಾರಾಂಶ ಇಷ್ಟೇ" ಎಂದಿದ್ದಳು. ಕೊನೆಗೂ ಅಕ್ಕನ ಒಂದು ಸಾಲು ಕತ್ತರಿಸದೆ ಹಿಡಿಯಿತಲ್ಲ ಎಂಬ ಖುಷಿಯಲ್ಲಿ ತಂಗಿ ಸುಮ್ಮನಾಗಿದ್ದಳು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಮಾತಿನ ಸದ್ದು ಏರಿಳಿಯುವುದನ್ನು ತೋರಿಸುವ ಗೆರೆಯ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿದಳು. ಭಾಷೆ ಬರದಿದ್ದರೂ ನಾಲ್ಕು ವರ್ಷ ದಿನಾ ಅಲೆ ನೋಡಿದವಳಿಗೆ ಕೆಲವು ಪದಗಳು ಆಕಾರದಿಂದಲೇ ಗೊತ್ತು. ಹುಡುಗನ ಹೆಸರೆಂದರೆ ಮೂರು ಚೂಪು ಮೊನೆ. ಕ್ಷಮೆ ಕೇಳುವುದೆಂದರೆ ಒಂದು ಸಣ್ಣ ದಿಬ್ಬ, ಆಮೇಲೆ ಉದ್ದಕ್ಕೆ ಇಳಿಯುವ ಬಾಲ. ಈ ಹನ್ನೊಂದು ಸೆಕೆಂಡಿನಲ್ಲಿ ಮೂರು ಮೊನೆ ಇತ್ತು. ದಿಬ್ಬ ಎರಡು ಸಲ ಇತ್ತು. ಚಳಿಯ ಮಾತಿಗೂ ಆ ಹುಡುಗನಿಗೂ ಏನು ಸಂಬಂಧ?

"ಅಕ್ಕಾ, ಇಲ್ಲಿ ಬಾ."

"ಕೈ ಒದ್ದೆ ಇದೆ."

"ಒದ್ದೆ ಕೈಯಲ್ಲೇ ಬಾ."

ಅಕ್ಕ ಬಂದು ಕುರ್ಚಿಯ ಹಿಂದೆ ನಿಂತಳು. ತಂಗಿ ಬೆರಳಿಟ್ಟು ತೋರಿಸಿದಳು. "ಇಲ್ಲಿ ಅವನ ಹೆಸರಿದೆ."

"ಇರಬಹುದು."

"ಎರಡು ಸಲ ಕ್ಷಮಿಸು ಅಂತಾಳೆ."

"ಅವರು ನೀರು ಕೇಳೋಕೂ ಕ್ಷಮೆ ಕೇಳ್ತಾರೆ."

"'ಹೌದು' ಅನ್ನೋದಕ್ಕೆ ಒಂದು ಪುಟ ಬರೆಯೋಳು ನೀನು. ಹನ್ನೊಂದು ಸೆಕೆಂಡಿಗೆ ಐದು ಪದ ಬರ್ದಿದೀಯ. ನಾನು ಹಲ್ಲು ಉಜ್ಜೋಳೇ ಇರ್ಬಹುದು, ದಡ್ಡಿ ಅಲ್ಲ."

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. "ಕೊನೆ ತುಂಬಾ ಕಹಿಯಾಗಿತ್ತು. ಜನಕ್ಕೆ ಬೇಜಾರಾಗುತ್ತೆ ಅಂತ ಸ್ವಲ್ಪ ಬದಲಾಯಿಸ್ದೆ."

"ಈಗ ಜನ ಕುಣೀತಿದಾರಾ? ಇನ್ನೂರ ಹದಿಮೂರು ಜನ ಮುಖಕ್ಕೆ ಉಗೀತಿದಾರೆ. ನಾಲ್ಕು ವರ್ಷ ಒಂದು ಸಾಲು ತಪ್ಪಿಸಿಲ್ಲ ನಾವು. ನನಗೂ ಹೇಳ್ಲಿಲ್ಲ ಅಂದ್ರೆ ನಾನೇನು ಇಲ್ಲಿ ಗುಮಾಸ್ತಳಾ?" ತಂಗಿ ಆ ಐದು ಪದಗಳನ್ನು ಅಳಿಸಿದಳು. ಪೆಟ್ಟಿಗೆ ಖಾಲಿಯಾಯಿತು. ಹೆಡ್‌ಫೋನ್ ಕಿತ್ತು, ದೃಶ್ಯವನ್ನು ಗಟ್ಟಿಯಾಗಿ ಹಾಕಿದಳು. "ಹೇಳು. ನಾನು ಟೈಪ್ ಮಾಡ್ತೀನಿ."

ಪರದೆಯ ಅಕ್ಕ ಮಾತಾಡಿ ಮುಗಿಸಿದಳು. ಹಿಂದೆ ನಿಂತವಳು ಸೆರಗಿನ ತುದಿ ಮಡಚುತ್ತಿದ್ದಳು.

ತಂಗಿ ಮತ್ತೆ ಹಾಕಿದಳು. ಮತ್ತೆ ಹಾಗೇ ಮುಗಿಯಿತು.

ಮೂರನೇ ಸಲ ಹಾಕಿದಾಗ ಅಕ್ಕ ಶುರುಮಾಡಿದಳು. ಯಂತ್ರದ ಕೈಪಿಡಿ ಓದುವವರ ದನಿ, ಏರಿಳಿತವಿಲ್ಲ.

"ಕ್ಷಮಿಸು. ಅವನು ಬಂದಿದ್ದ. ನೀನು ಆಗ ಇರಲಿಲ್ಲ. ನಿನಗೆ ಬೇರೆ ಕಡೆ ಮದುವೆ ಗೊತ್ತಾಗಿದೆ ಅಂತ ನಾನೇ ಹೇಳಿ ಕಳಿಸಿದೆ. ಕ್ಷಮಿಸು."

ತಂಗಿಯ ಬೆರಳುಗಳು ಓಡಿದವು. ಹುಡುಗನ ಹೆಸರನ್ನು ತಾನೇ ಸೇರಿಸಿಕೊಂಡಳು. ಅಂಚು ಕೆಂಪಾಗಲಿಲ್ಲ, ಸಾಲು ಒಸಡಿನ ಮೇಲೆ ಹಲ್ಲು ಕೂತ ಹಾಗೆ ಕೂತಿತು. ಒಮ್ಮೆ ನಡೆಸಿ ನೋಡಿದಳು. ಅಕ್ಕ ಹೇಳುತ್ತಾಳೆ, ಹುಡುಗಿ ಅವಳ ಮುಖ ನೋಡುತ್ತಾಳೆ, ಬಸ್ಸು ಬರುತ್ತದೆ, ಹತ್ತುತ್ತಾಳೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಯ್ಯೋ, ಎಷ್ಟು ಚೆನ್ನಾಗಿದೆ ಅಕ್ಕಾ ಕೊನೆ!" ತಂಗಿ ನಿಜಕ್ಕೂ ನಕ್ಕಳು. "ಹತ್ತದೆ ಇನ್ನೇನು ಮಾಡ್ತಾಳೆ? ನಾನಾಗಿದ್ರೂ ಹತ್ತುತ್ತಿದ್ದೆ. ಇಂಥದ್ದನ್ನ ಮುಚ್ಚಿಟ್ಟು ಚಳಿ ಅಂತ ಬರೀತೀಯಲ್ಲ, ನಿನಗೇನಾಗಿತ್ತು?"

"ಕಿತ್ತಳೆ ತಂದಿದ್ದ" ಎಂದಳು ಅಕ್ಕ.

ಅಕ್ಕ ಹೇಳಿದ್ದನ್ನು ಟೈಪ್ ಮಾಡುವುದು ಕೈಗೆ ರೂಢಿ. ತಂಗಿ ಅದನ್ನೂ ಟೈಪ್ ಮಾಡಿದಳು. ಅಂಚು ಕೆಂಪಾಯಿತು. "ಇದ್ರಲ್ಲಿ ಕಿತ್ತಳೆ ಎಲ್ಲಿದೆ?"

ಪರದೆಯ ಮೇಲೆ ದೊಡ್ಡಕ್ಕ ಬಾಯಿ ಮುಚ್ಚಿ ಬಹಳ ಹೊತ್ತಾಗಿತ್ತು.

"ಒಂದು ಚೀಲ ಕಿತ್ತಳೆ. ಬಾಗಿಲಲ್ಲೇ ನಿಂತಿದ್ದ, ಒಳಗೆ ಕರೀಲಿಲ್ಲ ನಾನು. ನೀನೇ ಹೇಳೋಕೆ ಹೆದರ್ತಿದೀಯ, ಇನ್ನು ನಿನಗೆ ಫೋನ್ ಮಾಡ್ಬೇಡಿ ಅಂತ ಅವನಿಗೆ ಹೇಳ್ದೆ. ಆಯ್ತು ಅಂದ. ಚೀಲ ಅಲ್ಲೇ ಇಟ್ಟು ಹೋದ. ಸಂಜೆ ನೀನೇ ಬಿಡಿಸಿ ಅಮ್ಮನ ಬಾಯಿಗಿಟ್ಟೆ. ಹುಳಿ ಇಲ್ಲ, ಎಲ್ಲಿ ತಂದೆ ಅಂತ ನನ್ನನ್ನೇ ಕೇಳ್ದೆ."

ತಂಗಿ ಹಿಂದೆ ತಿರುಗಲಿಲ್ಲ. ಅವಳ ಕೈಗಳು ಕೀಲಿಗಳ ಮೇಲೇ ಇದ್ದವು.

"ಎರಡೆರಡು ಗಂಟೆಗೆ ಅಮ್ಮನ ಮಗ್ಗುಲು ಬದಲಾಯಿಸ್ಬೇಕಿತ್ತು. ಒಬ್ಬಳ ಕೈಲಿ ಆಗ್ತಿರ್ಲಿಲ್ಲ. ಇಬ್ಬರು ಬೇಕಿತ್ತು. ಅಷ್ಟೇ."

"ನಲವತ್ತು ದಿನ ಫೋನ್ ಮಾಡ್ದೆ ನಾನು."

"ಹೂಂ."

"ನೀನು ಪಕ್ಕದಲ್ಲೇ ಕೂತಿರ್ತಿದ್ದೆ."

"ಹೂಂ."

"ಅಮ್ಮ ಹೋಗಿ ಎರಡು ವರ್ಷ ಆಯ್ತು. ಆಮೇಲಾದ್ರೂ ಹೇಳ್ಬಹುದಿತ್ತು."

ಕೆಳಗಡೆ ಬೀದಿಯಲ್ಲಿ ಯಾರೋ ಸ್ಕೂಟರಿನ ಕಿಕ್ ಹೊಡೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

"ಈ ಸರಣಿ ತಂದುಕೊಟ್ಟೋಳೂ ನೀನೇ" ಎಂದಳು ತಂಗಿ.

"ಕೊನೆ ಹೀಗಿರುತ್ತೆ ಅಂತ ನನಗೇನು ಗೊತ್ತಿತ್ತು."

ತಂಗಿ 'ಕಿತ್ತಳೆ ತಂದಿದ್ದ' ಎಂಬುದನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದಳು. ಅಂಚಿನ ಕೆಂಪು ಹೋಯಿತು. ಕಂತನ್ನು ಉಳಿಸಿ, ಹಳೆಯದನ್ನು ತೆಗೆದು, ಹೊಸದನ್ನು ಹಾಕಿದಳು. 'ಕೊನೆಯ ದೃಶ್ಯದಲ್ಲಿ ಒಂದು ಸಾಲು ತಪ್ಪಾಗಿತ್ತು, ಸರಿಪಡಿಸಲಾಗಿದೆ' ಎಂದು ಕೆಳಗೆ ಬರೆದಳು. ಎದ್ದು, ಅಕ್ಕನ ಮೈಗೆ ತಾಗದ ಹಾಗೆ ಪಕ್ಕಕ್ಕೆ ಸರಿದು ಒಳಗೆ ಹೋದಳು. ಕಪಾಟು ತೆರೆದ ಸದ್ದಾಯಿತು, ಮುಚ್ಚಿದ ಸದ್ದಾಯಿತು. ಹೊರಬಾಗಿಲು ಎಳೆದುಕೊಂಡ ಸದ್ದೂ ಆಯಿತು. ಮೂರು ಮಹಡಿಯ ಮೆಟ್ಟಿಲುಗಳಲ್ಲಿ ಚಪ್ಪಲಿ ಎಲ್ಲೂ ನಿಲ್ಲಲಿಲ್ಲ.

ಅಕ್ಕ ಕುರ್ಚಿಯ ಹಿಂದೆಯೇ ನಿಂತಿದ್ದಳು. ಅರ್ಧ ಗಂಟೆ ಕಳೆದಿರಬೇಕು, ಕಂಪ್ಯೂಟರು ಟಿಂಗ್ ಎಂದಿತು.

"ಓಹೋ! ಈಗ ಅರ್ಥ ಆಯ್ತು. ಎಂಥಾ ಕೊನೆ ಗುರೂ!"

ಮತ್ತೆ ಟಿಂಗ್. "ಬೈದಿದ್ದು ವಾಪಸ್. ನಾಲ್ಕು ವರ್ಷ ಕಾದಿದ್ದು ಸಾರ್ಥಕ."

ಇನ್ನೊಂದು. "ಅಕ್ಕತಂಗಿ ಜೋಡಿಗೆ ಕೈ ಮುಗಿದೆ. ಮುಂದಿನ ಸರಣಿ ಯಾವುದು?"

ತಂಗಿ ನಿಲ್ಲಿಸಿ ಹೋದ ದೃಶ್ಯ ಪರದೆಯ ಮೂಲೆಯಲ್ಲಿ ಹಾಗೇ ಇತ್ತು: ಬೆಂಚು, ಬೆಂಚಿನ ಒಂದು ತುದಿಯಲ್ಲಿ ಕೂತ ಹೆಂಗಸು, ಇನ್ನೊಂದು ತುದಿ ಖಾಲಿ. ಕೆಳಗೆ ಮುಂದಿನ ಸಾಲಿಗೆಂದು ತೆರೆದಿದ್ದ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಸಣ್ಣ ಗೆರೆಯೊಂದು ಮಿಣುಕುತ್ತಿತ್ತು.