ಗಲ್ಲ ಎತ್ತುವ ಕೈ

ಫೋಟೋಕ್ಕೆ ಕೂತವರ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ, ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಅಲ್ಲಾಡಬೇಡಿ ಎಂದು ಹೇಳಿ ಹಿಂದಕ್ಕೆ ಓಡಿ ಕರಿ ಬಟ್ಟೆಯೊಳಗೆ ತಲೆ ತೂರಿಸುವುದು ಆ ಕಾಲದ ಸ್ಟುಡಿಯೋದವರ ಪದ್ಧತಿ. ಗಂಡಸಿನ ಗಲ್ಲ ಎತ್ತುವುದಕ್ಕೆ ಎಷ್ಟು ಹೊತ್ತು ಬೇಕೋ ಹೆಂಗಸಿನದಕ್ಕೂ ಅಷ್ಟೇ ಸಾಕು. ತರೀಕೆರೆ ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಮಾತ್ರ ಆ ಲೆಕ್ಕ ಬೇರೆ ಇತ್ತು. ಅಲ್ಲಿ ಕೈ ಗಲ್ಲದಿಂದ ಕತ್ತಿಗೆ ಇಳಿಯುತ್ತಿತ್ತು, ಸೆರಗು ಸರಿಮಾಡುವ ನೆಪದಲ್ಲಿ ಭುಜದ ಮೇಲೆ ಕೂರುತ್ತಿತ್ತು.

ಮಲ್ಲಿಕಾಂಬಳಿಗೆ ಇದು ಮೂರು ವರ್ಷದಿಂದ ಗೊತ್ತು. ತಂದೆಯಿಲ್ಲದ ಅವಳು ತರೀಕೆರೆಯ ಮನೆಯ ಜಗುಲಿಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಟ್ಟು ತಾಯಿಯನ್ನು ಸಾಕುತ್ತಿದ್ದಳು. ಜವಳಿ ಅಂಗಡಿಯ ಷಣ್ಮುಖಪ್ಪನವರು ಪ್ರತಿ ದೀಪಾವಳಿಗೂ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುವ ಜಾಹೀರಾತಿನ ಸ್ಲೈಡು ಹಾಕಿಸುತ್ತಿದ್ದರು. ಹೊಸ ಸೀರೆ ಉಟ್ಟು ಆ ಸ್ಲೈಡಿನಲ್ಲಿ ನಿಲ್ಲುವವಳು ಮಲ್ಲಿಕಾಂಬ. ಒಳಗೆ ಆ ಕೈ ತನ್ನ ಕೆಲಸ ನಡೆಸುವಾಗ ಹೊರಗೆ ಬೆಂಚಿನ ಮೇಲೆ ಅವಳ ತಾಯಿ ತೀರ್ಥಮ್ಮ ಸ್ಟುಡಿಯೋದವನೇ ತರಿಸಿಕೊಟ್ಟ ಸೋಡಾ ಕುಡಿಯುತ್ತ, ಎಂಥ ಮರ್ಯಾದಸ್ಥ ಎಂದು ಮೆಚ್ಚಿಕೊಳ್ಳುತ್ತಿದ್ದಳು. ಮಗಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಮೊದಲು ನಿಲ್ಲುವುದು ಅವನ ಕೈಯಲ್ಲ, ತನ್ನ ಹೊಲಿಗೆ ತರಗತಿ ಎಂದು ಅವಳಿಗೆ ಗೊತ್ತಿತ್ತು.

ಎಂಬತ್ತೊಂದನೇ ಇಸವಿಯಲ್ಲಿ ಅವಳು ಷಣ್ಮುಖಪ್ಪನವರಿಗೆ, ಅಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲ, ಬೇರೆ ಕಡೆ ನೋಡಿ ಎಂದಷ್ಟೇ ಹೇಳಿದಳು. ಸ್ಲೈಡಿನಲ್ಲಿ ಅವಳ ಮುಖ ಬಿಗಿದುಕೊಂಡೇ ಬರುತ್ತಿದ್ದದ್ದು ಅವರಿಗೂ ಬೇಸರವಾಗಿತ್ತು. ಅಜ್ಜಂಪುರದಲ್ಲಿ ಲಕ್ಷ್ಮಣಪ್ಪ ಅಂತ ಒಬ್ಬನಿದ್ದಾನೆ, ಮಿಲಿಟರಿಯಲ್ಲಿ ಕಲಿತು ಬಂದವನು, ಕೈ ಒಳ್ಳೆಯದು, ಆದರೆ ಮನೆಯಲ್ಲೇ ತೆಗೆಯುತ್ತಾನೆ ಎಂದರು.

ಆ 'ಮನೆಯಲ್ಲೇ' ಎಂಬ ಮಾತು ಜಗುಲಿಗೆ ಮುಟ್ಟಿದ ಕೂಡಲೇ ಹೊಲಿಗೆಯ ಹುಡುಗಿಯರೆಲ್ಲ ಕತ್ತರಿ ಕೆಳಗಿಟ್ಟರು. ಮನೆಯಲ್ಲಿ ಫೋಟೋ ತೆಗೆಯುವವನ ಹತ್ತಿರ ಮಾನವಂತರು ಹೋಗುತ್ತಾರೆಯೇ, ಬಾಗಿಲು ಹಾಕಿಕೊಂಡರೆ ಗತಿಯೇನು ಎಂದರು. ಬೋರ್ಡು ಇದ್ದ ಕಡೆ ಮರ್ಯಾದೆ ಇರುತ್ತದೆಂಬುದು ನಮ್ಮ ಜನರ ನಂಬಿಕೆ. ಬೋರ್ಡು ಬರೆಸುವುದಕ್ಕೆ ಬಣ್ಣವೊಂದಿದ್ದರೆ ಸಾಕು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಲಕ್ಷ್ಮಣಪ್ಪನಿಗೆ ಬೋರ್ಡು ಹಾಕುವ ಆಸೆ ಇರಲಿಲ್ಲವೆಂದಲ್ಲ. ಅವನ ಮನೆ ಇದ್ದದ್ದು ಊರಾಚೆಯ ಕೇರಿಯಲ್ಲಿ. ಆ ಕೇರಿಯವನಿಗೆ ಪೇಟೆಬೀದಿಯಲ್ಲಿ ಮಳಿಗೆ ಬಾಡಿಗೆಗೆ ಕೊಡುವವರು ಯಾರೂ ಸಿಕ್ಕಿರಲಿಲ್ಲ.

ಒಂದು ಗುರುವಾರ ತಾಯಿ ಮಗಳು ಅಜ್ಜಂಪುರದಲ್ಲಿ ಬಸ್ಸಿಳಿದು ಕೇಳಿಕೊಂಡು ಹೋದರು. ಕೇರಿ ಕಂಡ ಕೂಡಲೇ ತೀರ್ಥಮ್ಮನ ನಡಿಗೆ ನಿಧಾನವಾಯಿತು. ಷಣ್ಮುಖಪ್ಪನವರ ಮುಲಾಜಿಗೆ ಹಿಂದಿರುಗಲೂ ಆಗದೆ ಸೆರಗು ಒತ್ತಿಕೊಂಡು ಒಳಗೆ ಬಂದಳು.

ಮುಂದಿನ ಕೋಣೆಯ ಸೂರಿನಲ್ಲಿ ಒಂದು ಸಾಲು ಗಾಜಿನ ಹೆಂಚು ಹಾಕಿ, ಕೆಳಗೆ ತೆಳುವಾದ ಬಿಳಿ ಪಂಚೆ ಕಟ್ಟಿದ್ದರು. ಬೆಳಕು ಸೋಸಿದ ಹಾಗೆ ಬೀಳುತ್ತಿತ್ತು. ಬೀದಿಬಾಗಿಲು ಪೂರ್ತಿ ತೆರೆದಿತ್ತು. ಲಕ್ಷ್ಮಣಪ್ಪ ಕ್ಯಾಮೆರಾದ ಹಿಂದಿನಿಂದ ಈಚೆಗೆ ಬರಲೇ ಇಲ್ಲ. ಗಲ್ಲ ಒಂದು ಬೆರಳಿನಷ್ಟು ಮೇಲೆ, ಎಡ ಭುಜ ಸ್ವಲ್ಪ ಕೆಳಗೆ ಎಂದು ಅಲ್ಲಿಂದಲೇ ಹೇಳುತ್ತಿದ್ದ. ಅವನ ಹೆಂಡತಿ ತಿಪ್ಪಮ್ಮ ಮುಟ್ಟಲೇ ಎಂದು ಕೇಳಿ, ಮಲ್ಲಿಕಾಂಬ ಹೂಂ ಎಂದಮೇಲೆ ಸರಿಪಡಿಸುತ್ತಿದ್ದಳು. ಯಾವಾಗ ಕೈ ಬೀಳುತ್ತದೋ ಎಂದು ಕಾಯದೆ ಕ್ಯಾಮೆರಾದ ಮುಂದೆ ಕೂರಬಹುದು ಎಂದು ಮಲ್ಲಿಕಾಂಬಳಿಗೆ ಆವತ್ತೇ ಗೊತ್ತಾದದ್ದು. ಅವಳಿಗೆ ಎಷ್ಟು ಹಗುರವಾಯಿತೆಂದರೆ ಅಳು ಬರುವ ಹಾಗಾಯಿತು.

ಎಲ್ಲ ಮುಗಿದ ಮೇಲೆ ತಿಪ್ಪಮ್ಮ ಎರಡು ಲೋಟ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಅಂಗಡಿಗೆ ಹೋದವರು ಕೆಲಸ ಮುಗಿಸಿ ಎದ್ದು ಬರಬಹುದು. ಮನೆಗೆ ಹೋದವರು ನೀರು ಮುಟ್ಟದೆ ಏಳುವ ಹಾಗಿಲ್ಲ. ತೀರ್ಥಮ್ಮ ತಟ್ಟೆಯನ್ನು ನೋಡಿ, ಇವತ್ತು ನಮಗಿಬ್ಬರಿಗೂ ಉಪವಾಸ ಎಂದಳು. ಬಸ್ಸಿನಲ್ಲಿ ಹಾಕಿಕೊಂಡ ಎಲೆ ಅಡಿಕೆಯಿಂದ ಅವಳ ಬಾಯಿ ಇನ್ನೂ ಕೆಂಪಗಿತ್ತು.

ಲಕ್ಷ್ಮಣಪ್ಪ ಕ್ಯಾಮೆರಾಕ್ಕೆ ಬಟ್ಟೆ ಹೊದಿಸುತ್ತಿದ್ದವನು ತಲೆ ಎತ್ತದೆ, "ಇರ್ಲಿ ಬಿಡಿ ಅಮ್ಮಾರೇ. ನಮ್ಮನೇಗೆ ಬರೋರೆಲ್ಲ ಉಪವಾಸದ ದಿನಾನೇ ಬತ್ತಾರೆ" ಎಂದ.

ಮಲ್ಲಿಕಾಂಬಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದದ್ದಷ್ಟೇ, ಲೋಟಕ್ಕೆ ಕೈ ಹಾಕಲಿಲ್ಲ. ತಾಯಿಯ ಹಿಂದೆ ಎದ್ದು ಬಂದಳು.

ದೀಪಾವಳಿಗೆ ಸ್ಲೈಡು ಬಿದ್ದಾಗ ಟಾಕೀಸಿನಲ್ಲಿ ಗುಸುಗುಸು ಎದ್ದಿತು. ಪರದೆಯ ಮೇಲೆ ಇದ್ದದ್ದು ಬೊಂಬೆಯಲ್ಲ, ಈಗ ತಾನೇ ಏನೋ ಹೇಳಿ ಸುಮ್ಮನಾದಂಥ ಹೆಣ್ಣು. ಮಾರನೆಯ ದಿನ ಹುಡುಗಿಯರೆಲ್ಲ ಸುತ್ತುಗಟ್ಟಿ, ಎಲ್ಲಿ ತೆಗೆಸಿದಿರಿ, ಆ ಮನೆಯಲ್ಲೇ ತೆಗೆಯುವವನ ಹತ್ತಿರ ಹೋಗಲಿಲ್ಲ ತಾನೇ ಎಂದು ಕೇಳಿದರು. ಒಳಗಿನಿಂದ ತಾಯಿ ಕೆಮ್ಮಿದಳು. ಕೇರಿಗೆ ಹೋಗಿ ಕೂತು ಬಂದೆ ಎಂದರೆ ನಾಳೆ ಎಷ್ಟು ಜನ ಹೊಲಿಗೆಗೆ ಬರುತ್ತಾರೋ! ಮಲ್ಲಿಕಾಂಬ ಸೂಜಿಗೆ ದಾರ ಪೋಣಿಸುತ್ತ, "ಎಲ್ಲಿ ಅಂದ್ರೆ, ಇಲ್ಲೇ ಕಣ್ರೇ, ಬಸ್ ಸ್ಟ್ಯಾಂಡ್ ಎದುರಿಗೆ" ಎಂದಳು.

ಹದಿನೈದು ದಿನ ಕಳೆದಿರಬೇಕು. ದೇವೀರಪ್ಪನವರ ಮಗಳು ಪ್ರೇಮ, ಹದಿನೇಳರ ಹುಡುಗಿ, ಹೊಲಿಗೆ ತರಗತಿಗೆ ನಾಲ್ಕು ದಿನ ತಪ್ಪಿಸಿಕೊಂಡು ಐದನೆಯ ದಿನ ಬಂದಳು. ರವಿಕೆಯ ಅಳತೆಗೆಂದು ಮಲ್ಲಿಕಾಂಬ ಟೇಪು ಹಿಡಿದು ಹತ್ತಿರ ಹೋದಾಗ ಹುಡುಗಿ ಬೆಚ್ಚಿ ಕತ್ತನ್ನು ಹಿಂದಕ್ಕೆಳೆದುಕೊಂಡಳು. ಮಲ್ಲಿಕಾಂಬಳ ಕೈ ಅಲ್ಲೇ ನಿಂತಿತು. ಆ ಬೆಚ್ಚುವಿಕೆ ತನ್ನದೇ ಎಂದು ಅವಳಿಗೆ ತಿಳಿಯಿತು. ಮೂರು ವರ್ಷ ಅವಳು ಒಳಗೇ ಬೆಚ್ಚಿದ್ದನ್ನು ಈ ಹುಡುಗಿ ಎದುರಿಗೇ ಬೆಚ್ಚಿದ್ದಳು.

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದಳು. ಗಂಡಿನ ಮನೆಗೆ ಕಳಿಸಲು ಫೋಟೋ ಬೇಕಾಗಿತ್ತಂತೆ. ಮನೆಯವರು ಕಡೂರಿಗೆ ಹೋಗೋಣ ಎಂದರಂತೆ. ಪ್ರೇಮಳೇ ಹಟ ಹಿಡಿದು ಬಸ್ ಸ್ಟ್ಯಾಂಡ್ ಎದುರಿಗೆ ಹೋದಳಂತೆ.

"ನಿಮ್ದು ಅಷ್ಟು ಚೆನ್ನಾಗಿ ಬಂದಿತ್ತಲ್ಲಕ್ಕ, ಅದಕ್ಕೇ" ಎಂದಳು ಹುಡುಗಿ. ಹೇಳುತ್ತಲೇ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡಳು.

ಆ ರಾತ್ರಿ ಮಲ್ಲಿಕಾಂಬ ಊಟ ಮಾಡಲಿಲ್ಲ. ಮೂರು ವರ್ಷ ಸುಮ್ಮನಿದ್ದದ್ದನ್ನು ಭಯ ಎನ್ನಬಹುದು. ಆದರೆ ಹದಿನೈದು ದಿನದ ಹಿಂದೆ ಆಡಿದ ಒಂದು ಮಾತಿಗೆ ಏನೆನ್ನುವುದು? ಮುಟ್ಟಬಾರದ ಕಡೆ ಮುಟ್ಟಿದವನಿಗೆ ಒಳ್ಳೆಯ ಹೆಸರು ಕೊಟ್ಟು, ಕೇಳದೆ ಮುಟ್ಟದವನ ಹೆಸರನ್ನೇ ನುಂಗಿದ್ದಳು.

ಗಂಡಿನ ಕಡೆಯವರು, ಹುಡುಗಿ ಹೆದರಿದಂತಿದೆ, ಬೇರೆ ಫೋಟೋ ಕಳಿಸಿ ಎಂದು ಹೇಳಿಕಳಿಸಿದಾಗ ಮಲ್ಲಿಕಾಂಬ ತಾನೇ ದೇವೀರಪ್ಪನವರ ಮನೆಗೆ ಹೋಗಿ, ಅಜ್ಜಂಪುರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಒಪ್ಪಿಸಿದಳು. ಯಾರ ಮನೆಗೆ ಎಂಬುದನ್ನೂ ಹೇಳಿಯೇ ಒಪ್ಪಿಸಿದಳು. ತೀರ್ಥಮ್ಮ ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು.

ಲಕ್ಷ್ಮಣಪ್ಪನ ಮನೆಯ ಗಾಜಿನ ಹೆಂಚಿನ ಬೆಳಕಿನಲ್ಲಿ ಪ್ರೇಮ ಸ್ಟೂಲಿನ ಮೇಲೆ ಕೂತಳು. ತಿಪ್ಪಮ್ಮ ಮುಟ್ಟಲೇ ಎಂದು ಕೇಳಿದಳು. ಹುಡುಗಿ ತಲೆಯಾಡಿಸಿದಳು. ಆದರೂ ಕೈ ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿ, ಎರಡು ಕೈಯಲ್ಲೂ ಕತ್ತನ್ನು ಮುಚ್ಚಿಕೊಂಡಳು.

ಕರಿ ಬಟ್ಟೆಯೊಳಗಿನಿಂದ ಲಕ್ಷ್ಮಣಪ್ಪ ತಲೆ ಹೊರಗೆ ತೆಗೆದ. ಹೆಂಡತಿಗೆ ಹಿಂದೆ ಸರಿ ಎಂದು ಸನ್ನೆ ಮಾಡಿ, ಕತ್ತು ಮುಚ್ಚಿದ ಹುಡುಗಿಯ ಕೈಗಳನ್ನು ನೋಡಿದ. ಆಮೇಲೆ ಮಲ್ಲಿಕಾಂಬಳ ಕಡೆ ತಿರುಗಿ ಮೆಲ್ಲಗೆ, "ಈ ಮಗೂನ ಯಾರಮ್ಮ ಅಲ್ಲಿಗೆ ಕಳ್ಸಿದ್ದು?" ಎಂದು ಕೇಳಿದ. ಎಲ್ಲಿಗೆ ಎಂದು ಅವನು ಹೇಳಲಿಲ್ಲ. ಆ ಕಸುಬಿನವನಿಗೆ ಆ ಸ್ಟುಡಿಯೋ ಗೊತ್ತಿರದೆ ಇರುತ್ತದೆಯೇ?

ಮನೆಯವರು, ಗೆಳತಿಯರು, ಯಾರ ಹೆಸರನ್ನಾದರೂ ಹೇಳಬಹುದಾಗಿತ್ತು. ಪ್ರೇಮ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

"ನಾನೇ ಲಕ್ಷ್ಮಣಪ್ಪೋರೇ" ಎಂದಳು ಮಲ್ಲಿಕಾಂಬ. "ಅವ್ನು ಎಂಥೋನು ಅಂತ ಗೊತ್ತಿದ್ದೂ ಕಳಿಸ್ದೆ. ನಿಮ್ಮನೇಗೆ ಬಂದಿದ್ದೆ ಅನ್ನೋಕೆ ನಾಚ್ಕೊಂಡೆ."