ಕೊಟ್ಟಿಗೆಗೆ ಬಂದ ಗರಡಿ ಮಣ್ಣು

ಕಿಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಅರ್ಪಿತ ಹೊಡೆದ ಪಂಚಿಗೆ ಯಾವ ರೆಫ್ರಿಯಾದರೂ ಕಣ್ಣು ಮುಚ್ಚಿಕೊಂಡು ಪಾಯಿಂಟು ಕೊಡುತ್ತಿದ್ದ. ಏನು ಮಾಡುವುದು, ಬಸ್ ಸ್ಟ್ಯಾಂಡಿನಲ್ಲಿ ರೆಫ್ರಿ ಇರಲಿಲ್ಲ.

ಕುಡಿದು ಬಂದಿದ್ದ ಹುಡುಗನೊಬ್ಬ, ಯಾವೂರಿನವನೋ ಏನೋ, ಹಲ್ಲು ಕಿಸಿಯುತ್ತ ಬಂದು ಅವಳ ಬಲಗೈ ಹಿಡಿದಿದ್ದ. ಅವಳು ಎಡಗೈಯಲ್ಲಿ ಅವನ ಎದೆಗೆ ಒಂದು ಬಿಟ್ಟಳು. ಅವನ ಹಿಡಿತ ತಪ್ಪಿತು. ತಪ್ಪಿದ ಮೇಲೆ ಓಡಬೇಕೋ ಬೇಡವೋ? ಈ ಪುಣ್ಯಾತ್ಗಿತ್ತಿ ಓಡಲಿಲ್ಲ. ಕೆ.ಆರ್. ಪೇಟೆಯ ಕರಾಟೆ ಕ್ಲಾಸಿನಲ್ಲಿ ನಾಲ್ಕು ವರ್ಷ ಕಲಿತಂತೆ ಒಂದು ಹೆಜ್ಜೆ ಹಿಂದೆ ಸರಿದು, ಮುಷ್ಟಿಯನ್ನು ಸೊಂಟಕ್ಕೆ ತಂದು, ಪಾಯಿಂಟಿನ ಬಾವುಟ ಏಳಲಿ ಎಂದು ಕಾಯುವವಳಂತೆ ನಿಂತುಬಿಟ್ಟಳು. ಏಟು ತಾಗಿದ ಮೇಲೆ ನಿಲ್ಲುವುದು ಪಂದ್ಯದ ನಿಯಮ, ಅದು ಅವಳ ಮೈಗೇ ಅಂಟಿತ್ತು. ಆ ಕುಡುಕನಿಗೆ ನಿಯಮ ಹೇಳಿದವರು ಯಾರು? ಅವನು ನಕ್ಕು, ಈ ಸಲ ಎರಡೂ ತೋಳು ಸೇರಿಸಿ ತಬ್ಬಿ ಹಿಡಿದ. ಗೋಡೆ ತುಂಬ ಮೆಡಲು ತೂಗುಹಾಕಿದ್ದ ಹುಡುಗಿಗೆ ಅಲ್ಲಾಡಲೂ ಆಗಲಿಲ್ಲ. ಕೊನೆಗೆ ಕಂಡಕ್ಟರು ಬಸ್ಸಿನಿಂದ ಇಳಿದು ಬಂದು, ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದುಹಾಕಿದ.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಪ್ಪ ದಿಲೀಪ ಡೇರಿಗೆ ಹಾಲು ಹಾಕಿ ಬಂದವನು ಕ್ಯಾನು ಕೂಡ ಇಳಿಸಿರಲಿಲ್ಲ.

"ಸಾಕು ನಿನ್ ಕರಾಟೆ. ನಾಕ್ ವರ್ಸ ಕಲ್ತಿದ್ದು ಇದೇಯಾ? ನಾಳಿಂದ ಕಾಲೇಜು, ಮನೆ, ಅಷ್ಟೇಯ. ಸಂಜೆ ಬಸ್ಸಲ್ಲಿ ಪ್ಯಾಟೆಗೋಗದು ಬಂದ್."

ಅರ್ಪಿತಳಿಗೆ ಜೀವವೇ ಬಾಯಿಗೆ ಬಂತು. ಕಪ್ಪು ಬೆಲ್ಟಿನ ಪರೀಕ್ಷೆ ಹತ್ತಿರದಲ್ಲಿತ್ತು. ಅದು ಪಾಸಾದರೆ ಹೆಣ್ಣುಮಕ್ಕಳ ಬ್ಯಾಚನ್ನು ಅವಳಿಗೇ ಒಪ್ಪಿಸುತ್ತೇನೆಂದು ಮಾಸ್ಟರ್ ಚೈತನ್ಯ ಮಾತು ಕೊಟ್ಟಿದ್ದರು. ಅವಳು ಬೇಡಿದಳು, ಅತ್ತಳು, ಊಟ ಬಿಟ್ಟಳು. ಅಪ್ಪನ ಮನಸ್ಸು ಕರಗಿತೋ, ಇಲ್ಲ ಅವಳ ಬಾಯಿ ಮುಚ್ಚಿಸುವುದಕ್ಕೋ, ಒಂದು ಮಾತು ಆಡಿದ.

"ಶನಿವಾರ ನಾನೇ ಆ ಕುಡುಕನಂಗೆ ನಿನ್ನ ಇಡ್ಕತೀನಿ. ಬುಡಿಸ್ಕಂಡ್ಯಾ, ಓಗು ನಿನ್ ಕ್ಲಾಸ್ಗೆ. ಆಗ್ನಿಲ್ವಾ, ಆ ಬಿಳಿ ಡ್ರೆಸ್ಸ ಮಡಿಸಿ ಬೀರುಗಿಡು."

ಇದು ನ್ಯಾಯವಾ? ದಿನಾ ಬೆಳಗ್ಗೆ ತುಂಬಿದ ಹಾಲಿನ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತಿ ಗಾಡಿಗೆ ಇಡುವ ಆಸಾಮಿ ಅವನು. ಮದುವೆಗೆ ಮುಂಚೆ ಗರಡಿಯಲ್ಲಿ ಬೆವರು ಸುರಿಸಿದವನು ಬೇರೆ.

ಇದನ್ನೆಲ್ಲ ಜಗಲಿಯ ಮೇಲೆ ಕೂತು ಕೇಳುತ್ತಿದ್ದವನು ತಾತ ಹೊನ್ನಪ್ಪ. ಒಂದು ಕಾಲಕ್ಕೆ ಸುತ್ತೇಳು ಊರಿಗೆ ಹೆಸರಾದ ಪೈಲ್ವಾನ. ಅವನಿಗೂ ಮೊಮ್ಮಗಳಿಗೂ ಈ ವಿಷಯದಲ್ಲಿ ಎಣ್ಣೆ ಸೀಗೆಕಾಯಿ. 'ಗಾಳಿಗೆ ಗುದ್ದೋ ವಿದ್ಯೆ' ಎಂದು ಅವನು ಹಂಗಿಸಿದರೆ, 'ನಿಂದು ಮಣ್ಣಲ್ಲಿ ಒರಳಾಡೋ ವಿದ್ಯೆ' ಎಂದು ಇವಳು ತಿರುಗೇಟು ಕೊಡುತ್ತಿದ್ದಳು. ಇವತ್ತು ಸುಮ್ಮನಿರಲಾಗದೆ ಹೋದದ್ದು ಅಜ್ಜಿ ಚಿಕ್ಕಬೋರಮ್ಮನಿಗೆ.

"ಊರ್ ಐಕಳಿಗೆಲ್ಲ ಪಟ್ಟು ಏಳ್ಕೊಟ್ರಲ್ಲ, ಸ್ವಂತ ಮೊಮ್ಮಗಳಿಗೆ ಏಳ್ಕೊಡಕ್ಕೆ ಏನ್ ದಾಡಿ ನಿಮ್ಗೆ?"

"ಗರಡಿ ಒಳೀಕೆ ಎಣ್ಮಕ್ಕಳು ಬರಂಗಿಲ್ಲ ಕಣಮ್ಮಿ. ಅದು ಇಂದ್ಲ ಕಾಲ್ದಿಂದ ಬಂದಿರೋದು."

"ಎಣ್ಮಕ್ಕಳು ಬರಂಗಿಲ್ಲ, ಸರಿ. ಮಣ್ಣು ಈಚೀಕೆ ಬರಂಗಿಲ್ಲ ಅಂತ ಯಾವನಾರ ಏಳವ್ನಾ?"

ಮಾರನೆಯ ಬೆಳಗ್ಗೆ ಹೊನ್ನಪ್ಪ ಮೊಪೆಡ್ಡಿನ ಮೇಲೆ ಗರಡಿಯ ಕೆಮ್ಮಣ್ಣಿನ ಚೀಲ ಹೇರಿಕೊಂಡು ಬಂದ. ಹಸುಗಳನ್ನು ಆಚೆ ಕಟ್ಟಿದ. ಕೊಟ್ಟಿಗೆ ಗುಡಿಸಿ, ಮಣ್ಣು ಹರಡಿ, ಕೈಮುಗಿದು, ಒಂದು ಚಿಟಿಕೆ ತೆಗೆದು ಮೊಮ್ಮಗಳ ಹಣೆಗೆ ಹಚ್ಚಿದ. ಎಣ್ಣೆ ಅರಿಶಿನ ಬೆರೆತ ಆ ಮಣ್ಣಿನ ವಾಸನೆಯನ್ನು ಅರ್ಪಿತ ಕಣ್ಣುಮುಚ್ಚಿ ಎಳೆದುಕೊಂಡಳು. ಎಳೆಯವಳಿದ್ದಾಗ ಗರಡಿಯ ಬಾಗಿಲಲ್ಲಿ ನಿಂತು ಇಣುಕಿ ಬೈಸಿಕೊಂಡದ್ದನ್ನು ಅವಳು ಮರೆತಿರಲಿಲ್ಲ. ತಾತ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದ.

"ಕೈಯ ಎಳೀಬ್ಯಾಡ ಕೂಸೇ, ಎಳುದ್ರೆ ಬಲ ಇದ್ದೋನೇ ಗೆಲ್ಲೋದು. ಸೊಂಟ ಇಳ್ಸು. ಅವನ ಎಬ್ಬೆಟ್ಟು ಯಾವ್ ಕಡೆ ಅದೆ? ಆ ಕಡೀಕೆ ತಿರುಗ್ಸು."

ತಿರುಗಿಸಿದಳು. ಕೈ ಬೆಣ್ಣೆಯಿಂದ ಜಾರಿದ ಹಾಗೆ ಈಚೆ ಬಂತು. ಅಯ್ಯೋ, ಇಷ್ಟೇನಾ ಎಂದು ಅವಳಿಗೆ ನಗು ಬಂತು. ಮೂರ್ನಾಲ್ಕು ದಿನದಲ್ಲಿ ಮೊಣಕೈ ತರಚಿತು, ಕಿವಿಯೊಳಗೆಲ್ಲ ಮಣ್ಣು, ಆದರೂ ಬೆಳಗಾಗುವುದನ್ನೇ ಕಾಯುತ್ತಿದ್ದಳು.

"ಬಿದ್ರೆ ಬೋರಲು ಬೀಳು. ಎದೆ ಮಣ್ಣಿಗಿರ್ಲಿ. ಬೆನ್ನು ನೆಲ ಮುಟ್ತೋ, ಸೋತೆ ಅಂತ್ಲೇಯ."

ಅರ್ಪಿತ ಬೋರಲು ಬಿದ್ದಳು. ಬಿದ್ದಲ್ಲಿಂದಲೇ ತಲೆ ಎತ್ತಿ ಕೇಳಿದಳು. "ತಾತ, ನಾನಿಂಗೆ ಮಲಗಿದ್ರೆ ಅವನು ತಲೆಗೆ ಒದ್ರೆ?"

"ಕುಸ್ತೀಲಿ ಒದೆಯಂಗಿಲ್ಲ."

"ಬಸ್ ಸ್ಟ್ಯಾಂಡಲ್ಲಿ ಒದೀತಾನಲ್ಲ ತಾತ."

ಹೊನ್ನಪ್ಪ ತಲೆ ಕೆರೆದುಕೊಂಡ. "ಅಲಲಲಾ! ನೀನು ಬಾವುಟ ಕಾಯ್ಕಂಡು ನಿಂತೆ ಅಂತ ನಗಾಡ್ತಿದ್ನಲ್ಲ, ನಾನೂ ಅದ್ನೇ ಮಾಡ್ತಾವ್ನಿ. ಅಂಗಾದ್ರೆ ಎಂಗ್ ಬೀಳ್ಬೇಕು? ನೀನೇ ಏಳ್ಕೊಡು."

ಅವಳು ತೋರಿಸಿದಳು. ಅಂಗಾತ ಬೀಳಬೇಕು, ಎರಡೂ ಕಾಲು ಅವನ ಕಡೆಗಿರಬೇಕು, ಹತ್ತಿರ ಬಂದರೆ ಒದೆಯಬೇಕು, ಸಂದು ಸಿಕ್ಕಿದೊಡನೆ ಏಳಬೇಕು. ತಾತನ ಮುಖ ಸಪ್ಪಗಾಯಿತು. ಜೀವಮಾನವೆಲ್ಲ ಬೆನ್ನಿಗೆ ಮಣ್ಣು ಹತ್ತದಂತೆ ಕಾಪಾಡಿಕೊಂಡ ಮನುಷ್ಯ. ಮಣ್ಣನ್ನು ನೋಡಿದ, ಮೊಮ್ಮಗಳನ್ನು ನೋಡಿದ. ಪಂಚೆ ಎತ್ತಿಕಟ್ಟಿ, ತಾನಾಗಿ ಹೋಗಿ ಬೆನ್ನು ಊರಿ ಮಲಗಿದ.

"ಸರಿಯಾ? ಇಂಗೇನಾ ಕಾಲು?"

ಅರ್ಪಿತಳಿಗೆ ಅಳು ನುಗ್ಗಿ ಬಂತು. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದ ಚಿಕ್ಕಬೋರಮ್ಮ ಬಾಗಿಲಲ್ಲೇ ನಿಂತಳು. "ಅಯ್ ನನ್ ಶಿವನೇ! ಅಂತೂ ನಿಮ್ಮನ್ನ ಚಿತ್ ಮಾಡೋರು ಸಿಕ್ಕುದ್ರಲ್ಲ!" ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಶನಿವಾರ ಬಂದೇಬಿಟ್ಟಿತು. ಸಂಜೆ ಬಸ್ಸಿನ ಹೊತ್ತಿಗೆ ಸರಿಯಾಗಿ ದಿಲೀಪ ಅಂಗಳದಲ್ಲಿ ಮಗಳನ್ನು ಹಿಂದಿನಿಂದ ತಬ್ಬಿ ಹಿಡಿದ. ಕನಿಕರವಿಲ್ಲದ ಹಿಡಿತ. ಉಸಿರು ಕಟ್ಟಿತು, ಬಸ್ ಸ್ಟ್ಯಾಂಡಿನ ಆ ಹೆಂಡದ ವಾಸನೆ ಮೂಗಿಗೆ ಬಡಿದಂತಾಯಿತು. ಮುಗಿಯಿತು ಅಂದುಕೊಂಡಳು.

ಸೊಂಟ ಇಳ್ಸು.

ಇಳಿಸಿದಳು. ಒಮ್ಮೆಗೇ ಭಾರ ಬಿದ್ದು ದಿಲೀಪ ಮುಗ್ಗರಿಸಿದ, ಇಬ್ಬರೂ ಉರುಳಿದರು. ಅವಳು ಅಂಗಾತ ಹೊರಳಿ, ಕಾಲನ್ನು ಅಪ್ಪನ ತೊಡೆಗೆ ಕೊಟ್ಟು ದೂಡಿ ಎದ್ದಳು. ಅವನೇನು ಬಿಡುವವನೇ, ಕೈ ಹಿಡಿದ. ಹೆಬ್ಬೆಟ್ಟಿನ ಕಡೆಗೆ ತಿರುಗಿಸಿ ಕಿತ್ತುಕೊಂಡಳು. ಕಿತ್ತ ಕೈಯೇ ಮುಷ್ಟಿಯಾಗಿ ಅಪ್ಪನ ಮೂಗಿನ ತುದಿಯವರೆಗೂ ಹೋಗಿ ನಿಂತಿತು. ದಿಲೀಪ ಕಣ್ಣು ಮುಚ್ಚಿದ.

ಹಾಳಾದ ಅಭ್ಯಾಸ! ಅವಳ ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು, ಮುಷ್ಟಿ ಸೊಂಟಕ್ಕೆ ಬಂತು. ಜಗಲಿಯ ಮೇಲೆ ತಾತ ತುಟಿ ಕಚ್ಚಿ ಹಿಡಿದ. ಅಪ್ಪ ಕಣ್ಣು ಬಿಟ್ಟು ಮತ್ತೆ ತೋಳು ಚಾಚಿದ.

ಅರ್ಪಿತ ತಿರುಗಿ ಓಡಿದಳು. ಗೇಟು ದಾಟಿದಳು, ಬೀದಿ ದಾಟಿದಳು, ಹೊರಟಿದ್ದ ಬಸ್ಸಿನ ಬಾಗಿಲ ಕಂಬಿ ಹಿಡಿದು ಹತ್ತಿಬಿಟ್ಟಳು. ಅದೇ ಕಂಡಕ್ಟರು ಅವಳ ಕೆದರಿದ ಕೂದಲನ್ನೂ ಬರಿಗಾಲನ್ನೂ ನೋಡಿ ಗಾಬರಿಯಾದ.

"ಯಾಕವ್ವ, ಯಾರಾರ ಅಟ್ಟಿಸ್ಕಂಡು ಬತ್ತಾವ್ರಾ?"

"ನಮ್ಮಪ್ಪ," ಎಂದು ಅವಳು ಏದುಸಿರಿನಲ್ಲೇ ನಕ್ಕಳು.

ಪೇಟೆಯ ಕ್ಲಾಸು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲಲ್ಲಿ ಒಬ್ಬ ಬಂದು ನಿಂತ. ಅಂಗಿಯೆಲ್ಲ ಮಣ್ಣು, ಒಂದು ಕೈಯಲ್ಲಿ ಬಿಳಿ ಡ್ರೆಸ್ಸಿನ ಚೀಲ, ಇನ್ನೊಂದರಲ್ಲಿ ಹೆಣ್ಣುಮಗಳ ಚಪ್ಪಲಿ. ಯಾರು ಬೇಕಿತ್ತೆಂದು ಚೈತನ್ಯ ಕೇಳಿದರು.

"ಅರ್ಪಿತನ ಅಪ್ಪ ಸಾರ್. ಇಡ್ಕಂಡ್ ನೋಡ್ದೆ. ಆಗ್ನಿಲ್ಲ." ದಿಲೀಪ ಚಪ್ಪಲಿಯನ್ನು ಮಗಳ ಕಾಲ ಬಳಿ ಇಟ್ಟ. ಹೊರಡಲು ತಿರುಗಿದವನು, ಸಾಲಾಗಿ ನಿಂತ ಹುಡುಗಿಯರನ್ನು ಕಂಡು ತಡೆದ.

"ಇವರ್ನೂ ನಾಳೀಕೆ ನಮ್ಮನೆಗೆ ಕಳ್ಸಿ ಸಾರ್. ನಮ್ಮಪ್ಪಯ್ಯ ಇರ್ತಾರೆ. ನಾನು ಅಸಗಳ್ನ ಆಚೆ ಕಟ್ಟಿರ್ತೀನಿ."