ಮಹಾಕವಿಯ ಹದಿಮೂರರ ಮಗ್ಗಿ

೧

ಈ ಕಥೆಯನ್ನು ಕಿಟಕಿಯಿಂದ ಆರಂಭಿಸಬೇಕೋ ಗಡ್ಡದಿಂದಲೋ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ. ಇದು ಒಂದೇ ಮನೆಯ ಮೂವರ ಬಾಯಿಂದ ನನಗೆ ದಕ್ಕಿದ್ದು. ಒಬ್ಬರು ಹೇಳಿದ ಪಾಠ ಇನ್ನೊಬ್ಬರು ಹೇಳಿದ್ದಕ್ಕೆ ಹೊಂದುವುದಿಲ್ಲ. ಹೊಂದುವಂತೆ ತಿದ್ದುವುದು, ಕೇಳಿದ ಕಥೆಗಳನ್ನು ಸಂಗ್ರಹಿಸುವ ನನ್ನ ಕಸುಬಿನಲ್ಲಿ, ಕಳ್ಳತನಕ್ಕೆ ಸಮ. ಆದ್ದರಿಂದ, ಓದುಗರೇ, ಸದ್ಯಕ್ಕೆ ಗಡ್ಡ.

೨

ಒಬ್ಬ ನಿರ್ದೇಶಕನಿದ್ದ. ಜೀವಮಾನವಿಡೀ ಒಂದೇ ಊರಿನಲ್ಲಿದ್ದೂ ಒಬ್ಬರನ್ನೊಬ್ಬರು ಕಾಣದೆ ತೀರಿಕೊಂಡ ದೊಡ್ಡವರನ್ನು ತನ್ನ ಸಿನಿಮಾದಲ್ಲಾದರೂ ಭೇಟಿ ಮಾಡಿಸಬೇಕೆಂಬುದು ಅವನ ಹಂಬಲ. ಶಿಲ್ಪಿಗೂ ಚದುರಂಗದ ಆಟಗಾರನಿಗೂ ಲಿಫ್ಟಿನೊಳಗೆ ಭೇಟಿ ಮಾಡಿಸಿಯಾಗಿತ್ತು. (ಇಬ್ಬರೂ ಮಾತಾಡುವುದಿಲ್ಲ. ಲಿಫ್ಟೂ ಚಲಿಸುವುದಿಲ್ಲ. ಚಿತ್ರೋತ್ಸವಗಳಲ್ಲಿ ಇಂಥದ್ದಕ್ಕೆ ಮರ್ಯಾದೆಯಿದೆ.) ಉಳಿದಿದ್ದವರು ಮಹಾಕವಿ ಮತ್ತು ಗಾಯಕಿ.

ಹೀಗಿರುವಾಗ ಅವನು ಹಾರ್ಡ್ ಡಿಸ್ಕ್ ಕೊಡಲೆಂದು ತನ್ನ ಎಡಿಟರ್ ಮನೆಗೆ ಹೋದ. ಬಾಗಿಲು ತೆರೆದವರು ಅವಳ ಅಪ್ಪ. ನಿರ್ದೇಶಕ ಹೊಸ್ತಿಲಲ್ಲೇ ನಿಂತುಬಿಟ್ಟ.

“ನಿಮ್ಮಪ್ಪನ ಮುಖದಲ್ಲಿ ಮಹಾಕವಿಯ ಗಡ್ಡ ಸುಮ್ನೆ ವೇಸ್ಟ್ ಆಗ್ತಿದೆ ಕಣಮ್ಮ!”

ಅಷ್ಟರಲ್ಲಿ ಅಮ್ಮ ನೀರು ತಂದರು. ಅವನು ಲೋಟ ನೋಡಲಿಲ್ಲ, ಮೂಗು ನೋಡಿದ. “ಗಾಯಕಿನೂ ಇಲ್ಲೇ ಇದಾರಲ್ಲ!”

“ಸರ್, ಒಂದು ತೊಂದರೆ ಇದೆ,” ಎಂದಳು ಎಡಿಟರ್. “ಇವರಿಬ್ರೂ ಮಾತಾಡಲ್ಲ.”

“ನನ್ನ ಸಿನಿಮಾದಲ್ಲಿ ಯಾರಮ್ಮ ಮಾತಾಡ್ತಾರೆ?”

೩

ಅಪ್ಪನದು ಕನ್ನಡಕದ ಅಂಗಡಿ. ಅಮ್ಮ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮಗಳು ಕಾಲೇಜು ಸೇರಿದ ವರ್ಷದಿಂದ ಇಬ್ಬರ ನಡುವೆ ಮಾತು ನಿಂತಿದೆ. ಹಾಗೆಂದು ಜಗಳವೂ ಇಲ್ಲ. ಒಂದೇ ಸೋಫಾದ ಎರಡು ತುದಿಯಲ್ಲಿ ಕೂರುತ್ತಾರೆ; ಮಾತೆಲ್ಲ ನಡುವೆ ಕೂತ ಮಗಳ ಮೂಲಕ ದಾಟಬೇಕು.

“ಪುಟ್ಟೀ, ಅವರಿಗೆ ಹೇಳು, ಶರ್ಟು ಇಸ್ತ್ರಿ ಆಗಿದೆ ಅಂತ.”

“ನಿಮ್ಮಮ್ಮಂಗೆ ಹೇಳು, ನೋಡಿದೆ ಅಂತ.”

(ಕಾರಣ? ಅಪ್ಪನ ಪಾಠ: “ಫ್ಯಾನಿನ ವಿಷಯ.” ಅಮ್ಮನ ಪಾಠ: “ಫ್ಯಾನಾ? ಫ್ಯಾನು ಅಂದ್ರಾ? ಸರಿ ಬಿಡಿ, ಫ್ಯಾನೇ ಇರ್ಲಿ.” ಇದರಾಚೆ ಸಂಗ್ರಹಕಾರನಿಗೆ ಪ್ರವೇಶವಿಲ್ಲ.)

ಈಗ ಪುಟ್ಟಿಗೆ, ಅಂದರೆ ನಮ್ಮ ಎಡಿಟರಿಗೆ, ಬೇರೆ ಊರಿನ ದೊಡ್ಡ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿದೆ. ಬರುತ್ತೇನೆಂದೋ ಇಲ್ಲವೆಂದೋ ಈ ವಾರದೊಳಗೆ ತಿಳಿಸಬೇಕು. ಅವಳು ಹೋಗಿಬಿಟ್ಟರೆ ಆ ಸೋಫಾದ ಒಂದು ತುದಿಯ ಮಾತು ಇನ್ನೊಂದು ತುದಿಯನ್ನು ಮುಟ್ಟುವುದೆಂತು?

(ಇಲ್ಲಿ ಅಮ್ಮ ನನ್ನನ್ನು ತಡೆದರು. “ಇದೇನ್ರೀ, ‘ಮುಟ್ಟುವುದೆಂತು’ ಅಂತ ಹಿಂದೆ ಹಾರ್ಮೋನಿಯಂ ಬಾರಿಸ್ದಂಗೆ ಬರ್ದಿದೀರಿ? ಓದಿದವರು ನಮ್ಮನ್ನ ಪಾಪ ಅಂದ್ಕೋತಾರೆ.” ತೆಗೆಯುತ್ತೇನೆಂದೆ. ತೆಗೆದಿಲ್ಲ.)

೪

ಚಿತ್ರೀಕರಣ. ಒಂದು ಕೋಣೆ, ಒಂದು ಮೇಜು, ಎದುರುಬದುರು ಇಬ್ಬರು. ಕ್ಯಾಮೆರಾ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ. ದೊಡ್ಡವರನ್ನು ನಾವು ಕಿಟಕಿಯ ಗಾಜಿನಾಚೆಯಿಂದ ಮಾತ್ರ ನೋಡಬಲ್ಲೆವೆಂಬುದು ನಿರ್ದೇಶಕನ ಸಿದ್ಧಾಂತ. ಮೈಕು ಇಡಿಸಲಿಲ್ಲ. ಅಪ್ಪನಿಗೆ ಇಷ್ಟೇ ಹೇಳಿದ:

“ತುಟಿ ಆಡಿಸಿ ಸಾಕು ಸರ್. ಮಗ್ಗಿ ಹೇಳಿದ್ರೂ ನಡೆಯುತ್ತೆ. ಮೇಲೆ ಪಿಟೀಲು ಬರುತ್ತೆ.”

ಎಡಿಟರ್ ಅಂದು ಅಲ್ಲಿರಲಿಲ್ಲ. ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳೇ ನಡುವೆ ಕೂತಿರುತ್ತಿದ್ದಳು.

೫

ಎಡಿಟಿಂಗ್ ಕೋಣೆಯಲ್ಲಿ ಅವಳು ಆ ಶಾಟನ್ನು ಒಮ್ಮೆ ನೋಡಿದಳು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಬರೀ ತುಟಿ ಆಡಿಸುವ ಜೋಡಿಗಳನ್ನು ಕತ್ತರಿಸಿ ಪಳಗಿದ ಕೈ ಅವಳದು. ಅಂಥವರು ಒಬ್ಬರ ಮೇಲೊಬ್ಬರು ಬೀಳುತ್ತ ಬಾಯಾಡಿಸುತ್ತಾರೆ, ಯಾರೂ ಯಾರಿಗೂ ಕಾಯುವುದಿಲ್ಲ. ಇಲ್ಲಿ ಅಪ್ಪ ನಿಲ್ಲಿಸಿದರು. ಅಮ್ಮ ಆಡಿದರು. ಅಪ್ಪ ಕಾದರು.

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಮಾತಾಡಿದ್ದಾರೆ! ಹಾಗಾದರೆ ಹೋಗಬಹುದು.

(ಇಲ್ಲಿಗೇ ಮುಗಿಸಿದ ಒಂದು ಕರಡು ನನ್ನಲ್ಲಿದೆ. ಚೊಕ್ಕವಾಗಿದೆ. ಅದನ್ನು ಅವಳಿಗೆ ಓದಿಹೇಳಿದಾಗ, “ನೋಡಿದ್ದನ್ನ ಒಂದೇ ಸಲಕ್ಕೆ ನಂಬೋಕೆ ನಾನೇನು ಪ್ರೇಕ್ಷಕಳಾ?” ಎಂದಳು.)

೬

“ಅಪ್ಪ, ಆವತ್ತು ಅಮ್ಮನ ಹತ್ರ ಏನು ಮಾತಾಡಿದ್ರಿ?”

“ಮಾತಾ? ಮಗ್ಗಿ ಹೇಳ್ತಿದ್ದೆ. ಹೇಳಿ ಅಂದ್ರಲ್ಲ ನಿಮ್ಮ ಡೈರೆಕ್ಟ್ರು.”

“ಎಷ್ಟರದ್ದು?”

“ಹದಿಮೂರರದ್ದು. ಮಹಾಕವಿ ಅಂದ್ಮೇಲೆ ಎರಡರ ಮಗ್ಗಿ ಹೇಳಕ್ಕಾಗತ್ತಾ?”

ಅಡುಗೆಮನೆಗೆ ಹೋದಳು. “ಅಮ್ಮ, ಅಪ್ಪ ಮಗ್ಗಿ ಹೇಳ್ತಿದ್ರಂತೆ.”

“ಹೌದು. ಅದೂ ತಪ್ಪು. ಹದಿಮೂರೆಂಟ್ಲ ನೂರಾ ಎರಡು ಅಂದ್ರು. ನೂರಾ ನಾಲ್ಕು ಅಂದೆ.”

“ಅಂದ್ರೆ ಮಾತಾಡಿದ್ರಿ!”

“ತಿದ್ದಿದೆ. ತಿದ್ದೋದು ಬೇರೆ, ಮಾತಾಡೋದು ಬೇರೆ. ತಪ್ಪು ಮಗ್ಗಿ ಕೇಳ್ಕೊಂಡು ಸುಮ್ನಿರಕ್ಕೆ ನನ್ನಿಂದಾಗಲ್ಲಪ್ಪ.”

ಸೋಫಾಕ್ಕೆ ವಾಪಸು. “ಅಪ್ಪ, ಅಮ್ಮ ತಿದ್ದಿದ್ರಂತೆ?”

“ನೂರಾ ನಾಲ್ಕೇ ಅಂದಿದ್ದೆ ನಾನು. ಹೇಳು ಅವಳಿಗೆ.”

ಪುಟ್ಟಿ ಹೇಳಲು ಎದ್ದಳು. ಎರಡು ಹೆಜ್ಜೆ ಹೋದ ಮೇಲೆ ತಾನೇನು ಮಾಡುತ್ತಿದ್ದೇನೆಂದು ಹೊಳೆದು ನಿಂತಳು.

೭

ಆದರೆ ಶಾಟು ಮಗ್ಗಿಗೆ ಮುಗಿಯುವುದಿಲ್ಲ. ತಿದ್ದಿಸಿಕೊಂಡ ಮೇಲೆ ಅಪ್ಪ ತಲೆ ಕೆರೆದುಕೊಳ್ಳುತ್ತಾರೆ. ಮುಂದಕ್ಕೆ ಬಾಗಿ ಚಿಕ್ಕದೊಂದು ಮಾತು ಹೇಳುತ್ತಾರೆ. ಅಮ್ಮ ಥಟ್ಟನೆ ಗೋಡೆಯ ಕಡೆ ತಿರುಗಿಬಿಡುತ್ತಾರೆ. ಅವರ ಭುಜ ಅಲುಗುತ್ತದೆ. ನಗುವೋ ಅಳುವೋ ಬೆನ್ನಿನಿಂದ ತಿಳಿಯುವುದಿಲ್ಲ.

“ಆಮೇಲೆ ಏನಂದ್ರಿ ಅಪ್ಪ?”

“ಆಮೇಲೆ ಕಟ್ ಅಂದ್ರು.”

“ಅಂದಿಲ್ಲ. ಕ್ಯಾಮೆರಾ ಓಡ್ತಾನೇ ಇತ್ತು.”

“ನನಗೇನು ಗೊತ್ತು, ರಸ್ತೆಯಾಚೆ ಇತ್ತು.”

ಅಮ್ಮ: “ಆಮೇಲಾ? ಆಮೇಲೆ ಊಟಕ್ಕೆ ಬಿಟ್ರು. ಚೆನ್ನಾಗಿರ್ಲಿಲ್ಲ.”

ನಿರ್ದೇಶಕ: “ಅದನ್ನ ಕಿತ್ತು ಬಿಸಾಕಮ್ಮ. ಮಹಾಕವಿ ಹಾಗೆಲ್ಲ ತಲೆ ಕೆರ್ಕೊಳಲ್ಲ.”

“ಸರ್, ಇಡೀ ಸಿನಿಮಾದಲ್ಲಿ ಇಬ್ಬರು ನಿಜವಾಗಿ ಭೇಟಿಯಾಗಿರೋದು ಅಲ್ಲೊಂದೇ ಕಡೆ.”

“ಅದಕ್ಕೇ ಹೇಳಿದ್ದು. ಮಿಕ್ಕಿದ್ದಕ್ಕೆ ಹೊಂದಲ್ಲ.”

ಅವಳು ಕಿತ್ತುಹಾಕಲಿಲ್ಲ. ಬಹಳ ಹೊತ್ತಿನ ಚರ್ಚೆಯ ನಂತರ ಅವನು, ಅದರ ಮೇಲೆ ಪಿಟೀಲು ಜೋರಾಗಿರಬೇಕೆಂಬ ಷರತ್ತಿನ ಮೇಲೆ ಒಪ್ಪಿದ.

೮

ನಾನು ಬರೆದು ನೋಡಿದ ಕೊನೆಗಳು. ಒಂದರಲ್ಲಿ ಅಪ್ಪ ಆ ಚಿಕ್ಕ ಮಾತನ್ನು ಎಲ್ಲರೆದುರು ಮತ್ತೊಮ್ಮೆ ಹೇಳುತ್ತಾರೆ. ಕೇಳಿ ಅಪ್ಪ ಕನ್ನಡಕ ಒರೆಸಿಕೊಂಡರು. “ನಾನು ಹಾಗೆಲ್ಲ ಅನ್ನೋನಲ್ಲ. ನೀವು ಆ ಡೈರೆಕ್ಟ್ರಿಗಿಂತ ಕಡೆ.” ಅಳಿಸಿದೆ.

ಇನ್ನೊಂದರಲ್ಲಿ ಪುಟ್ಟಿ ಕೆಲಸ ಬಿಟ್ಟುಕೊಟ್ಟು ಸೋಫಾದ ನಡುವೆಯೇ ಉಳಿಯುತ್ತಾಳೆ. ಇದನ್ನು ಅಮ್ಮನೇ ನನ್ನ ಕೈಯಿಂದ ಕಿತ್ತುಕೊಂಡರು. “ಹೀಗೇನಾದ್ರೂ ಅಚ್ಚಾಯ್ತೋ, ನೋಡಿ ಮತ್ತೆ.”

ಸಿನಿಮಾಕ್ಕೆ ಪ್ರಶಸ್ತಿ ಬರುವ ಕೊನೆಯೊಂದಿತ್ತು. ಅದಕ್ಕೆ ನಿರ್ದೇಶಕನೊಬ್ಬನೇ ಒಪ್ಪಿದ್ದು.

೯

ಹಾಗಾಗಿ ಕೊನೆಯಿಲ್ಲ. ಅವಳು ಹೇಳಿದ ಒಂದು ಸಂಜೆಯಿದೆ, ಅಷ್ಟೆ.

ಬರುತ್ತೇನೆಂದು ಸ್ಟುಡಿಯೋಗೆ ಬರೆದ ಮೇಲ್ ಅವಳ ಫೋನಿನಲ್ಲಿ ಸಿದ್ಧವಾಗಿದೆ, ಕಳಿಸಿಲ್ಲ. ಅವಳು ಇಂದು ಸೋಫಾ ಬಿಟ್ಟು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಾಳೆ. ಸೋಫಾದಲ್ಲಿ ಅಪ್ಪ, ಪೇಪರು. ಅಡುಗೆಮನೆಯಿಂದ ಅಮ್ಮನ ಧ್ವನಿ:

“ಪುಟ್ಟೀ, ಮಳೆ ಬರೋ ಹಾಗಿದೆ. ಅವರಿಗೆ ಹೇಳು, ಮಹಡಿ ಮೇಲಿನ ಬಟ್ಟೆ ತರ್ಲಿ.”

ಪುಟ್ಟಿ ಹೇಳಲಿಲ್ಲ.

ಅಪ್ಪ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ನಿಮ್ಮಮ್ಮ ಏನೋ ಅಂತಿದಾರೆ.”

“ನಿಮಗೂ ಕೇಳಿಸ್ತಲ್ಲ ಅಪ್ಪ.”

ಅಪ್ಪ ಪೇಪರು ಮಡಚಿದರು. ಮಡಚಿದ್ದನ್ನು ಬಿಡಿಸಿ ಮತ್ತೊಮ್ಮೆ ನೇರವಾಗಿ ಮಡಚಿದರು. ಒಳಗೆ ನಲ್ಲಿಯ ಸದ್ದು ನಿಂತಿತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳುತ್ತ ನಿಂತರು. ಅಪ್ಪ ಗಂಟಲು ಸರಿಮಾಡಿಕೊಂಡರು.

ಮಹಡಿಯ ತಗಡಿನ ಮೇಲೆ ಮೊದಲ ಹನಿ ಬಿದ್ದದ್ದು ಮೂವರಿಗೂ ಕೇಳಿಸಿತು. ಪುಟ್ಟಿ ಎರಡು ಕೈಯಲ್ಲೂ ಸ್ಟೂಲು ಹಿಡಿದು ಕೂತಿದ್ದಾಳೆ. ನಾನೂ ಏಳುತ್ತಿಲ್ಲ.

ಓದುಗರೇ, ಬಟ್ಟೆ ನೆನೆದರೆ ನೆನೆಯಲಿ. ದಯವಿಟ್ಟು ನೀವೂ ಏಳಬೇಡಿ.